ತಾರಸಿಯ ಶಾಂತಿಪಾಲಕ

ತಾರಸಿಯ ಈ ತುದಿಯಿಂದ ಆ ತುದಿಗೆ ಹಗ್ಗ ಬಿಗಿಯುತ್ತಿದ್ದಾಗ ತಾನು ಮಾಡುತ್ತಿರುವುದು ಎಂಥ ನಗೆಪಾಟಲಿನ ಕೆಲಸವೆಂದು ಷಡಕ್ಷರಿಗೆ ಚೆನ್ನಾಗಿಯೇ ಗೊತ್ತಿತ್ತು. ಗೊತ್ತಿದ್ದರೂ ಕೈ ನಿಲ್ಲಲಿಲ್ಲ. ನೀರಿನ ಟ್ಯಾಂಕಿನ ಪೈಪಿಗೆ ಒಂದು ಗಂಟು, ಡಿಶ್ಶಿನ ಕಾಲಿಗೆ ಇನ್ನೊಂದು. ಹಗ್ಗದ ಈಚೆಗೆ ಹೆಂಡತಿ ಶಕುಂತಲಮ್ಮ ಹಳೇ ಸೀರೆ ಹಾಸಿ ಸಾಲುಸಾಲಾಗಿ ಇಟ್ಟಿದ್ದ ಅಕ್ಕಿ ಸಂಡಿಗೆ. ಆಚೆಗೆ, ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದ ಅಚೋಲ್ ಎಂಬ ಹುಡುಗಿ ಸೊಳ್ಳೆಪರದೆಯ ತುಂಡು ಮುಚ್ಚಿ ಒಣಹಾಕಿದ್ದ ಮೀನು. ನಡುವೆ ಒಂದಿಷ್ಟು ಖಾಲಿ ಜಾಗ, ಆ ಖಾಲಿ ಜಾಗದಲ್ಲಿ ಬನಿಯನ್ ಪಂಚೆಯಲ್ಲಿ ಅವನು: ಸೈನ್ಯದಲ್ಲಿ ಸುಬೇದಾರನಾಗಿ ನಿವೃತ್ತನಾದವನು, ಒಂದು ಕಾಲಕ್ಕೆ ವಿಶ್ವಸಂಸ್ಥೆಯ ನೀಲಿ ಟೋಪಿ ಹಾಕಿಕೊಂಡು ದಕ್ಷಿಣ ಸುಡಾನ್ ಎಂಬ ದೇಶದಲ್ಲಿ ಶಾಂತಿಯನ್ನು ಕಾದು ಬಂದವನು. ಗಾಳಿ ಮಾತ್ರ ಹಗ್ಗಕ್ಕೆ ಮೂರು ಕಾಸಿನ ಮರ್ಯಾದೆ ಕೊಡದೆ ಮೀನಿನ ವಾಸನೆಯನ್ನು ಎತ್ತಿ ಎತ್ತಿ ಸಂಡಿಗೆಯ ಕಡೆಗೆ ತರುತ್ತಿತ್ತು. ಅದಕ್ಕೆ ಆರ್ಡರ್ ಕೊಡುವವರು ಯಾರು?

"ಏನ್ರೀ ಅದು ಹಗ್ಗ?" ಶಕುಂತಲಮ್ಮ ಮೆಟ್ಟಿಲ ತುದಿಯಲ್ಲಿ ನಿಂತು ಕೇಳಿದಳು.

"ಇಬ್ಬರಿಗೂ ಅವರವರ ಜಾಗ ಗೊತ್ತಿರ್ಲಿ ಅಂತ."

"ಯಾವ ಇಬ್ಬರಿಗೆ? ಮನೆ ನಮ್ದು. ಇದ್ರಲ್ಲಿ ಇಬ್ಬರು ಎಲ್ಲಿಂದ ಬಂದ್ರು?"

ಅವನು ಗಂಟನ್ನು ಬಿಚ್ಚಿ ಇನ್ನೊಮ್ಮೆ ಹಾಕಿದ.

"ಸೋಮವಾರ ಬುದ್ಧಿಯೋರು ಬರ್ತಾರೆ," ಎಂದಳು ಅವಳು. ಮಠದ ಸ್ವಾಮಿಗಳು ಮನೆಗೆ ಬಂದು ಪಾದಪೂಜೆ ಮಾಡಿಸಿಕೊಳ್ಳುವುದೆಂದರೆ ಅವಳ ತವರಿನವರಿಗೆ ಸಣ್ಣ ಮಾತಲ್ಲ. ಎಷ್ಟೋ ವರ್ಷ ಕೇಳಿಕೊಂಡ ಮೇಲೆ ಸಿಕ್ಕ ದಿನ. "ಬಾಗಿಲಿಗೆ ಬಂದೋರ ಮೂಗಿಗೆ ಮೀನು ಹಿಡೀತೀವಾ? ನಮ್ ತಮ್ಮ ಮಲ್ಲಿ ಆಗ್ಲೇ ಗುಬ್ಬಿಯಿಂದ ಹೊರಟವ್ನಂತೆ. ಬಂದು ಅದೇನ್ ಹೇಳ್ತಾನೋ ಕೇಳಿ. ಹಗ್ಗ ಹಿಡ್ಕೊಂಡು ಮಾತ್ರ ಅವನ ಮುಂದೆ ನಿಲ್ಬೇಡಿ, ನಂಗೆ ನಾಚ್ಕೆ."

ಅವಳು ಇಳಿದುಹೋದಳು. ಇಷ್ಟೆಲ್ಲ ರಾಮಾಯಣಕ್ಕೆ ಕಾರಣ ಅವನ ಬಾಯಿಂದ ಬಿದ್ದ ಒಂದು ಮಾತು, ಆ ಮಾತು ಹೆಂಡತಿಗೆ ಇನ್ನೂ ಗೊತ್ತಿಲ್ಲ ಎಂಬುದು ಅವನ ಎದೆಯೊಳಗೆ ನೆಗ್ಗಿಲುಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು. ಕಳೆದ ಮುಂಗಾರಿನಲ್ಲಿ ಅಚೋಲ್ ಮನೆ ಕೇಳಿಕೊಂಡು ಬಂದಿದ್ದಳು. ನರ್ಸಿಂಗ್ ಓದುವವಳು, ಬಾಗಿಲವಾಡಕ್ಕೆ ತಲೆ ತಾಗದಂತೆ ಬಗ್ಗಿ ಒಳಗೆ ಬಂದವಳು. ಯಾವ ದೇಶವಮ್ಮ ಎಂದು ಶಕುಂತಲಮ್ಮ ಕೇಳಿ, ಅವಳು ಹೆಸರು ಹೇಳಿದಾಗ, ಷಡಕ್ಷರಿ ಕೈಯಲ್ಲಿದ್ದ ಪೇಪರನ್ನು ಮುಖದ ಮಟ್ಟಕ್ಕೆ ಎತ್ತಿಕೊಂಡಿದ್ದ. "ನಿಮ್ ಕಡೆಯೋರು ಕಣ್ರೀ!" ಎಂದು ಹೆಂಡತಿ, ಯಾರೋ ಹುಲಿಯೂರುದುರ್ಗದಿಂದ ಅವನ ದಾಯಾದಿ ಬಂದ ಹಾಗೆ, ಸಂಭ್ರಮದಿಂದ ಕಾಫಿಗಿಟ್ಟಳು. ಆ ದೇಶದ ಭಾಷೆಯಲ್ಲಿ ಅವನಿಗೆ ಬರುತ್ತಿದ್ದದ್ದು ಬಾ, ಹೋಗು, ಕೂರು, ನೀರು, ಇಲ್ಲ. ಇದರಲ್ಲಿ ಯಾವುದನ್ನು ಹೇಳಿದರೂ ಸ್ವಾಗತವಾಗುವುದಿಲ್ಲವೆಂದು ಅವನು ಸುಮ್ಮನೆ ನಕ್ಕ. ಮಾಂಸ ಬೇಯಿಸುವ ಹಾಗಿಲ್ಲ ಎಂಬ ಷರತ್ತಿಗೆ ಹುಡುಗಿ ತಲೆಯಾಡಿಸಿದಳು. ಹೊರಡುವಾಗ ಮಾತ್ರ ಗೇಟಿನ ಹತ್ತಿರ ಅವನೊಬ್ಬನೇ ಇದ್ದಾಗ, "ಅಂಕಲ್, ಮೀನು?" ಎಂದು ಕೇಳಿದಳು. ಇಲ್ಲ ಎನ್ನಬಹುದಿತ್ತು. ಹೂಂ ಎನ್ನಬಹುದಿತ್ತು. ಅವನು "ನೋಡೋಣ" ಎಂದ.

ಆ ದೇಶದಲ್ಲಿ ಇದ್ದಷ್ಟು ಕಾಲವೂ ಅವನು ಆಡಿದ್ದು ಇದೇ ಮಾತು. ನೀರಿನ ಪಂಪು ಯಾವಾಗ ಬರುತ್ತೆ? ನೋಡೋಣ. ನಮ್ಮೂರ ದಾರಿ ಯಾವಾಗ ಬಿಡ್ತಾರೆ? ನೋಡೋಣ. ನೋಡುವುದೇ ಕೆಲಸ; ನೋಡಿ ಮೇಲಿನವರಿಗೆ ತಿಳಿಸುವುದು. ಅವನ ಸರ್ವೀಸಿಗಿಂತ ಆ ದೇಶಕ್ಕೆ ವಯಸ್ಸು ಕಡಿಮೆ. ಹೊಸ ಬಾವುಟದ ಬಣ್ಣ ಮಾಸುವ ಮೊದಲೇ ಒಳಗೊಳಗೇ ಬಡಿದಾಡಿಕೊಂಡು, ಅರ್ಧ ದೇಶ ಗಂಟುಮೂಟೆ ಹೊತ್ತು ಓಡಿಬಂದು, ನದಿಯ ದಡದ ಶಿಬಿರದಲ್ಲಿ ಕೂತಿತ್ತು. ಅವರಿಗೆ ಬೆಂಬಲವಿರಲಿಲ್ಲ ಎನ್ನುವ ಹಾಗಿಲ್ಲ, ಇಡೀ ಜಗತ್ತೇ ಬೆನ್ನಿಗಿತ್ತು. ಒಂದು ದೇಶದ ಡೇರೆ, ಇನ್ನೊಂದು ದೇಶದ ಜೋಳ, ಮತ್ತೊಂದರ ನೀರಿನ ಟ್ಯಾಂಕು, ಬೇರೊಂದರ ಡಾಕ್ಟರು, ಎಲ್ಲದರ ಮೇಲೂ ಕೊಟ್ಟವರ ಬಾವುಟದ ಚೀಟಿ. ಮದುವೆಮನೆಯ ಸ್ಟೀಲ್ ಪಾತ್ರೆಗಳ ಮೇಲೆ ಉಡುಗೊರೆ ಕೊಟ್ಟವರ ಹೆಸರು ಕೆತ್ತಿಸಿದ ಹಾಗೆ. ಷಡಕ್ಷರಿಯ ತುಕಡಿಯ ಪಾಲಿಗೆ ಬಂದದ್ದು ಬೆಳಗ್ಗೆ ಸೌದೆಗೆ ಹೊರಡುವ ಹೆಂಗಸರ ಹಿಂದೆ ನಡೆಯುವುದು. ಒಂದು ಮರದ ತನಕ. ಅದು ಹುಣಸೆಮರವಲ್ಲ, ಆದರೂ ಅವನು ಹುಣಸೆಮರ ಎನ್ನುತ್ತಿದ್ದ. ಅವನ ಎಲ್ಲೆ ಆ ಮರಕ್ಕೆ ಮುಗಿಯುತ್ತಿತ್ತು. ಸೌದೆ ಇದ್ದದ್ದು ಮರದಿಂದಾಚೆ. ಒಂದು ದಿನ ಒಬ್ಬಳು ತಿರುಗಿ ನಿಂತು, ಇನ್ನೊಂಚೂರು ಬಾರಪ್ಪ ಎನ್ನುವ ಹಾಗೆ ಕೈ ಮಾಡಿದಳು. ಅವನು ಮರವನ್ನು ತೋರಿಸಿದ. ಅವಳಿಗೆ ಅರ್ಥವಾಗಲಿಲ್ಲ, ಮತ್ತೆ ತೋರಿಸಿದ. ಬಂದೂಕು ಹಿಡಿದ ಗಂಡಸು ಮರವನ್ನು ತೋರಿಸಿಕೊಂಡು ನಿಂತದ್ದು ಕಂಡು ಅವಳು ಪಕ್ಕದವಳಿಗೆ ಏನೋ ಹೇಳಿ, ಎಲ್ಲರೂ ಬಾಯಿಗೆ ಸೆರಗು ಹಿಡಿದು ನಕ್ಕು, ಹುಲ್ಲಿನೊಳಗೆ ಇಳಿದುಹೋದರು. ಅವರು ಮರಳಿದ್ದನ್ನು ಅವನು ನೋಡಲಿಲ್ಲ, ಅಷ್ಟರಲ್ಲಿ ಪಾಳಿ ಬದಲಾಗಿತ್ತು. ಬಂದಿರಬೇಕು. ಬಂದೇ ಇರುತ್ತಾರೆ.

ಬಂದಿರಬೇಕು ಎನ್ನುವ ಆ ಮಾತಿನ ಮೇಲೆಯೇ ತುಮಕೂರಿನ ಬಟವಾಡಿಯ ಈ ಮನೆಯ ಪಾಯ ಎದ್ದಿತು. ಅಲ್ಲಿ ಸಿಕ್ಕ ಭತ್ಯೆಯಲ್ಲಿ ಸೈಟು, ಮಿಕ್ಕ ಭತ್ಯೆಯಲ್ಲಿ ಗೋಡೆ. ಕಬ್ಬಿಣ ಸಿಮೆಂಟು ಎಲ್ಲ ಬಾಮೈದ ಮಲ್ಲಿಕಾರ್ಜುನನ ಗುಬ್ಬಿಯ ಹಾರ್ಡ್‌ವೇರ್ ಅಂಗಡಿಯದು. ಜೊತೆಗೆ ಪ್ರೀತಿಯ ಕಾಣಿಕೆಯಾಗಿ ಒಂದು ಗ್ರಾನೈಟ್ ಫಲಕವನ್ನೂ ಅವನು ಕೆತ್ತಿಸಿ ತಂದಿದ್ದ: 'ವಿಶ್ವಶಾಂತಿ ನಿಲಯ'. ಬೇಡವೆಂದು ಹೇಳಬೇಕೆಂದಿದ್ದ ಷಡಕ್ಷರಿ, ನೋಡೋಣ ಎಂದ. ಮಾರನೇ ದಿನವೇ ಮೇಸ್ತ್ರಿ ಅದನ್ನು ಗೋಡೆಗೆ ಕೂರಿಸಿದ. ಈಗ ಪೋಸ್ಟ್‌ಮ್ಯಾನಿನಿಂದ ಹಿಡಿದು ತರಕಾರಿಯವನ ತನಕ ಎಲ್ಲರಿಗೂ ಅದು 'ಯುಎನ್ ಮನೆ'. ಆ ದೇಶದ ಜಗಳದಿಂದ ಎದ್ದ ಮನೆಯ ಮಹಡಿಗೆ ಆ ದೇಶದ ಹುಡುಗಿಯೇ ಬಂದು ತಿಂಗಳು ತಿಂಗಳು ಬಾಡಿಗೆ ಕೊಡುತ್ತಾಳೆ. ಇದನ್ನು ಯೋಚಿಸಿದಾಗಲೆಲ್ಲ ಷಡಕ್ಷರಿಗೆ ಎದ್ದು ಹೋಗಿ ಗೇಟಿಗೆ ಎಣ್ಣೆ ಬಿಡಬೇಕೆನ್ನಿಸುತ್ತದೆ. ಹಾಗಾಗಿ ಅವನ ಗೇಟು ಇಡೀ ಬೀದಿಯಲ್ಲೇ ಸದ್ದಿಲ್ಲದ ಗೇಟು.

ಕೆಳಗೆ ಕಾರು ನಿಂತ ಸದ್ದಾಯಿತು. ಮಲ್ಲಿಕಾರ್ಜುನ ಚಪ್ಪಲಿ ಬಿಡುತ್ತಲೇ ಮೂಗು ಮೇಲೆತ್ತಿ ಒಂದು ಸಲ ಎಳೆದು, ಅಕ್ಕನ ಮುಖ ನೋಡಿ, ಸೋಫಾದ ನಟ್ಟನಡುವೆ ಕೂತ. ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಫೋನು. ಮಠದ ಭಕ್ತರ ಸಮಿತಿಗೆ ಸೇರಿದ ಮೇಲೆ ಅವನ ಕೂರುವ ಠೀವಿಯೇ ಬದಲಾಗಿತ್ತು. ಷಡಕ್ಷರಿ ತನ್ನ ಮನೆಯಲ್ಲೇ ಎಲ್ಲಿ ಕೂರಬೇಕೆಂದು ತಿಳಿಯದೆ ಊಟದ ಮೇಜಿನ ಕುರ್ಚಿ ಎಳೆದುಕೊಂಡು, ಬಾಮೈದನಿಗೂ ಅಡಿಗೆಮನೆಯ ಬಾಗಿಲಲ್ಲಿ ನಿಂತ ಹೆಂಡತಿಗೂ ಸರಿಯಾಗಿ ನಡುವೆ ಕೂತ. ಕೂತಮೇಲೆ ಗಮನಿಸಿದ. ಅಭ್ಯಾಸ.

"ಭಾವ, ನೀವು ಯುಎನ್‌ನಲ್ಲಿ ಎಂತೆಂಥೋರನ್ನ ಸಂಭಾಳಿಸ್ದೋರು," ಎಂದ ಮಲ್ಲಿಕಾರ್ಜುನ. "ಒಂದು ಹುಡುಗೀನ ಮೂರು ದಿನ ಆಚೆ ಕಳಿಸಕ್ಕೆ ಆಗಲ್ವಾ?"

"ಮೂರು ದಿನ ಸಾಕಾ?"

"ಮೊದಲು ಮೂರು ದಿನ ಅನ್ನಿ. ಆಮೇಲೆ ನಿಧಾನಕ್ಕೆ, ಬಣ್ಣ ಹೊಡೆಸ್ಬೇಕು, ರಿಪೇರಿ ಇದೆ ಅಂತ ಒಂದೇ ಸಲ ಕಳಿಸೋದು. ಹಂತ ಹಂತವಾಗಿ ಭಾವ. ನಿಮಗೆ ನಾನು ಹೇಳ್ಕೊಡ್ಬೇಕಾ?"

"ಅವಳಿಗೆ ಇಲ್ಲಿ ಯಾರೂ ಇಲ್ಲ ಕಣೋ ಮಲ್ಲಿ," ಎಂದಳು ಶಕುಂತಲಮ್ಮ ಬಾಗಿಲಿನಿಂದ.

"ಬೆಳಗ್ಗೆಯಿಂದ ಫೋನ್ ಮಾಡಿ ವಾಸನೆ ವಾಸನೆ ಅಂತ ಗೋಳಾಡಿದ್ದು ಯಾರಕ್ಕ, ನಾನಾ?"

"ವಾಸನೆ ಅಂದೆ. ಹುಡುಗಿ ಅಂದ್ನಾ?" ಅವಳು ಸೌಟನ್ನು ಇನ್ನೊಂದು ಕೈಗೆ ಬದಲಿಸಿಕೊಂಡು ಗಂಡನ ಕಡೆ ತಿರುಗಿದಳು. "ನೀವೇನಂತೀರ?"

ಇಬ್ಬರೂ ಅವನನ್ನೇ ನೋಡಿದರು. ಷಡಕ್ಷರಿ ಗಂಟಲು ಸರಿಮಾಡಿಕೊಂಡ. ಇಂಥ ಹೊತ್ತಿಗೆಂದೇ ಕಲಿಸಿಕೊಟ್ಟ ಒಂದು ದನಿ ಅವನಲ್ಲಿತ್ತು, ಉಪ್ಪಿಲ್ಲದ ಸಾರಿನಂಥದ್ದು. ಆ ದನಿಯಲ್ಲಿ, "ಎರಡೂ ಕಡೆ ನ್ಯಾಯ ಇದೆ," ಎಂದ.

ಹೆಂಡತಿ ಅವನ ಮುಖ ನೋಡಿ ಒಳಗೆ ಹೋದಳು. ಅವಳಿಗೆ ಸಮಾಧಾನವಾಯಿತೆಂದು ಅವನು ತಿಳಿದ.

ಪಕ್ಕದ ಮನೆಯ ಜಯಪ್ರಕಾಶ್ ಕಾಂಪೌಂಡಿನ ಮೇಲಿಂದ ತಲೆ ಹಾಕಿ, "ಸುಬೇದಾರ್ರೇ, ನನ್ ಸಪೋರ್ಟ್ ನಿಮಗೇ," ಎಂದ. ಯಾವುದಕ್ಕೆ ಎಂದು ಕೇಳಿದರೆ, "ನೀವೇನ್ ತೀರ್ಮಾನ ಮಾಡ್ತೀರೋ ಅದಕ್ಕೆ. ನನ್ ಹೆಸರು ಮಾತ್ರ ಎಲ್ಲೂ ಬರೋದು ಬ್ಯಾಡ," ಎಂದು ತಲೆ ಒಳಗೆಳೆದುಕೊಂಡ. ಮಲ್ಲಿಕಾರ್ಜುನ ಅಷ್ಟರಲ್ಲಿ ಕುಟುಂಬದ ವಾಟ್ಸಪ್ ಗುಂಪಿಗೆ ವಿಷಯ ಹಾಕಿದ್ದ. ಕುಣಿಗಲ್ಲಿನ ಚಿಕ್ಕಮ್ಮ, ಹಾಗಲವಾಡಿಯ ಷಡ್ಡಕ, ಯಾವತ್ತೂ ಈ ಮನೆ ನೋಡದವರು, ಕೈ ಮುಗಿದ ಚಿತ್ರಗಳನ್ನೂ ಮೇಲೆತ್ತಿದ ಹೆಬ್ಬೆರಳುಗಳನ್ನೂ ಕಳಿಸುತ್ತಿದ್ದರು. ಫೋನು ಟಣ್ ಟಣ್ ಎನ್ನುತ್ತಿತ್ತು. "ನೋಡಿ ಭಾವ, ಎಲ್ರೂ ನಿಮ್ ಹಿಂದೆ ಇದಾರೆ." ಹಿಂದೆ ಇರುವುದೇನೋ ನಿಜ. ಮೆಟ್ಟಿಲು ಹತ್ತಲು ಮುಂದೆ ಇದ್ದವನು ಅವನೊಬ್ಬ.

ಹತ್ತುತ್ತಾ ಅವನು ಮಾತು ಜೋಡಿಸಿಕೊಂಡ. ಕಳಿಸುವುದು ಎನ್ನಬಾರದು, ಸ್ವಲ್ಪ ದಿನದ ವ್ಯವಸ್ಥೆ ಎನ್ನಬೇಕು. ಹೀಗಾದೀತೆಂದು ಊಹಿಸಿ ನಿನ್ನೆಯೇ ಅವನು ನೆಲ ಹದ ಮಾಡಿಟ್ಟು ಬಂದಿದ್ದ. ಸಂಜೆ ಸುಮ್ಮನೆ ಹೋದವನ ಹಾಗೆ ಹೋಗಿ, ಅವಳು ಕೊಟ್ಟ ಪಾಯಸದಷ್ಟು ಸಿಹಿಯಾದ ಟೀ ಕುಡಿದು, ತುಮಕೂರಿನಲ್ಲಿ ನಿನಗೆ ಗೆಳತಿಯರಿದ್ದಾರೇನಮ್ಮ, ಅಕಸ್ಮಾತ್ ಬೇರೆ ಕಡೆ ಇರಬೇಕಾಗಿ ಬಂದರೆ ಎಲ್ಲಿಗೆ ಹೋಗುತ್ತೀಯ, ಸಾಮಾನು ತುಂಬಾ ಇದೆಯೇ ಎಂದೆಲ್ಲ ವಿಚಾರಿಸಿದ್ದ. ಹುಡುಗಿ ಒಂದೊಂದಕ್ಕೂ ತಾಳ್ಮೆಯಿಂದ ಉತ್ತರ ಕೊಟ್ಟಿದ್ದಳು. ಎಷ್ಟು ನಾಜೂಕಾಗಿ ಕೇಳಿದೆ ಎಂದು ರಾತ್ರಿ ಮಲಗುವಾಗ ತನ್ನ ಮೇಲೆ ತನಗೇ ಮೆಚ್ಚಿಗೆಯಾಗಿತ್ತು.

ಕೋಣೆಯ ಬಾಗಿಲು ತೆರೆದಿತ್ತು. ಅಚೋಲ್ ಮಂಚದ ತುದಿಯಲ್ಲಿ ಶೂ ಹಾಕಿಕೊಂಡು ಕೂತಿದ್ದಳು. ಮಂಚದ ಮೇಲೆ ಹಾಸಿಗೆ ಸುತ್ತಿ ಕಟ್ಟಿತ್ತು. ಕಾಲ ಬಳಿ ಉಬ್ಬಿದ ದೊಡ್ಡ ಕಪ್ಪು ಬ್ಯಾಗು, ಅದರ ಮೇಲೆ ಮುಚ್ಚಳ ಬಿಗಿದ ಒಂದು ಪ್ಲಾಸ್ಟಿಕ್ ಡಬ್ಬ. ತಾರಸಿಯ ಆ ಬದಿಯಲ್ಲಿ ಸೊಳ್ಳೆಪರದೆಯೂ ಇರಲಿಲ್ಲ, ಮೀನೂ ಇರಲಿಲ್ಲ. ಅವನು ಕೆಳಗೆ ನ್ಯಾಯ ಹೇಳುತ್ತಿದ್ದಾಗ ಅವಳು ಎತ್ತಿಕೊಂಡಿದ್ದಳು. ಅವಳಾಡುವುದು ಇಂಗ್ಲಿಷು, ನಡುನಡುವೆ ಸಿಟಿ ಬಸ್ಸಿನ ಕಂಡಕ್ಟರುಗಳಿಂದ ಕಲಿತ ಕನ್ನಡ.

"ಬನ್ನಿ ಅಂಕಲ್, ಒಳಗೆ ಜಾಗ ಇದೆ," ಎಂದಳು ಕನ್ನಡದಲ್ಲಿ. ಆಮೇಲೆ ತನ್ನ ಇಂಗ್ಲಿಷಿನಲ್ಲಿ, "ನೀವು ಹೇಳೋ ಕಷ್ಟ ತಗೋಬೇಡಿ. ನಾನು ನಿನ್ನೇನೇ ರೆಡಿ ಆದೆ."

"ನಿನ್ನೆ ನಾನೇನೂ ಹೇಳಲಿಲ್ಲವಲ್ಲಮ್ಮ?"

"ಕೇಳಿದಿರಲ್ಲ," ಎಂದಳು. ಅವಳ ದನಿಯಲ್ಲಿ ಆಪಾದನೆ ಇರಲಿಲ್ಲ, ಸಣ್ಣವರಿಗೆ ಲೆಕ್ಕ ಹೇಳಿಕೊಡುವವರ ದನಿ. "ನಾನು ಚಿಕ್ಕವಳಿದ್ದಾಗ ನಮ್ಮೂರಿಗೆ ನೀಲಿ ಟೋಪಿಯವರು ಬಂದಿದ್ದರು. ನಿಮ್ಮ ದೇಶದವರಲ್ಲ, ಇನ್ಯಾರೋ. ತುಂಬಾ ಒಳ್ಳೆಯವರು, ಬಿಸ್ಕತ್ತು ಕೊಟ್ಟರು. ಎಷ್ಟು ಜನ ಇದೀರಿ, ಬೇರೆ ಕಡೆ ನೆಂಟರು ಇದಾರಾ, ತೊಂದರೆ ಆದರೆ ಎಲ್ಲಿಗೆ ಹೋಗ್ತೀರಿ, ಎಲ್ಲ ಕೇಳಿದರು. ಅವರ ಗಾಡಿಯ ಧೂಳು ಇಳಿಯೋ ಮೊದಲೇ ನಮ್ಮಮ್ಮ ಗಂಟು ಕಟ್ಟಿದಳು. ಒಳ್ಳೆಯವರು ಬಂದು ಎಲ್ಲಿಗೆ ಹೋಗ್ತೀರಿ ಅಂತ ಕೇಳಿದರೆ ಹೊರಡೋ ಹೊತ್ತಾಯ್ತು ಅಂತ ತಿಳ್ಕೋ ಅಂದಳು. ಅಮ್ಮ ಸರಿಯಾಗೇ ಹೇಳಿದ್ದಳು."

ಕಿಟಕಿಯಿಂದ ಬಂದ ಬಿಸಿಲು ನೆಲದ ಮೇಲೆ ಚೌಕವಾಗಿ ಬಿದ್ದಿತ್ತು. ಅವನು ಆ ಚೌಕದ ಅಂಚಿನಲ್ಲಿ ನಿಂತಿದ್ದ. ಇಲ್ಲಮ್ಮ, ನೀನು ಎಲ್ಲಿಗೂ ಹೋಗಬೇಕಾಗಿಲ್ಲ ಎಂಬ ಮಾತು ಗಂಟಲ ತನಕ ಬಂತು. ಬಂದದ್ದು ಅಲ್ಲೇ, ಮೇಲಿನವರ ಅಪ್ಪಣೆಗೆ ಕಾಯುವ ಸಿಪಾಯಿಯ ಹಾಗೆ ಅಟೆನ್ಷನ್ನಿನಲ್ಲಿ ನಿಂತಿತು. ಮೇಲಿನವರು ಯಾರು? ಸೇಲ್ ಡೀಡ್ ಅವನ ಹೆಸರಿನಲ್ಲಿದೆ. ಕಂದಾಯ ಕಟ್ಟುವವನು ಅವನು. ಅವನಿಗಿಂತ ಮೇಲೆ ಇರುವುದೆಂದರೆ ನೀರಿನ ಟ್ಯಾಂಕು ಒಂದೇ. ಆದರೂ ಅವನ ಬಾಯಿಂದ ಹೊರಬಿದ್ದದ್ದು, "ಬ್ಯಾಗ್ ಭಾರ ಇದೆಯಾ?" ಎಂಬ ಮಾತು. ಆಮೇಲೆ ಬ್ಯಾಗನ್ನು ಎತ್ತಿ ಹೆಗಲ ಮೇಲಿಟ್ಟುಕೊಂಡ. ಭಾರ ಹೊತ್ತು ಮೆಟ್ಟಿಲಿಳಿಯುವುದರಲ್ಲಿ ಅವನು ಪಳಗಿದವನು. ಒಂದು ಕಡೆಯೂ ಗೋಡೆಗೆ ತಾಗಿಸಲಿಲ್ಲ. ಆಟೋ ನಿಲ್ಲಿಸಿ, ಬ್ಯಾಗನ್ನು ಸೀಟಿನ ಹಿಂದೆ ಕೂರಿಸಿ, ಬೀಳುವುದಿಲ್ಲವಷ್ಟೆ ಎಂದು ಅಲ್ಲಾಡಿಸಿ ನೋಡಿದ. ಅವಳು ಬೀಗದ ಕೈ ಕೊಟ್ಟು ಥ್ಯಾಂಕ್ಸ್ ಎಂದಳು. ಅವನೂ ಥ್ಯಾಂಕ್ಸ್ ಎಂದ.

"ಯುಎನ್ ಅಂದ್ರೆ ಯುಎನ್!" ಮಲ್ಲಿಕಾರ್ಜುನ ಬಾಗಿಲಲ್ಲೇ ಬೆನ್ನು ತಟ್ಟಿದ. "ಒಂದು ಗಲಾಟೆ ಇಲ್ಲ, ಒಂದು ಎತ್ತರದ ಮಾತಿಲ್ಲ. ಅಕ್ಕ, ಊಟಕ್ಕೆ ಹಾಕು, ಹಸಿವಾಯ್ತು." ಫೋನು ಮತ್ತೆ ಟಣ್ ಟಣ್ ಎಂದಿತು. ಹುಲಿಯೂರುದುರ್ಗದ ಅಣ್ಣನ ಮಗ 'ನಮ್ಮ ಹೆಮ್ಮೆ' ಎಂದು ಬರೆದಿದ್ದ. ತನಗೂ ಸಣ್ಣಗೆ ಹೆಮ್ಮೆಯಾಗುತ್ತಿರುವುದನ್ನು ಷಡಕ್ಷರಿ ಕಂಡುಕೊಂಡ. ಬೇರೆಯವರ ಜೇಬಿನಲ್ಲಿ ಕೈಯಿಟ್ಟು ಸಿಕ್ಕಿಬಿದ್ದವನ ಹಾಗೆ ಕೂಡಲೇ ಅದರಿಂದ ಹಿಂದೆ ಸರಿದ.

ಶಕುಂತಲಮ್ಮ ತಮ್ಮನಿಗೆ ತಟ್ಟೆಯಿಟ್ಟು, ಪೊರಕೆ ತೆಗೆದುಕೊಂಡು ಮಹಡಿಗೆ ಹೋದಳು. ಹೋದಷ್ಟೇ ಬೇಗ ಇಳಿದು, ಮೆಟ್ಟಿಲ ಮೇಲೆ ಅರ್ಧದಲ್ಲಿ ಕೂತುಬಿಟ್ಟಳು. ಅವನು ಹತ್ತಿರ ಹೋದ.

"ಗುಡಿಸಿಬಿಟ್ಟಿದಾಳೆ ಕಣ್ರೀ. ಗುಡಿಸಿ, ಒರೆಸಿ, ಒಲೆ ತಿಕ್ಕಿ ಹೋಗವ್ಳೆ. ನಂಗೊಂದು ಕಸದ ಕಡ್ಡಿ ಬಿಟ್ಟಿಲ್ಲ." ಅವಳು ಪೊರಕೆಯನ್ನು ಮಡಿಲಲ್ಲಿಟ್ಟುಕೊಂಡಿದ್ದಳು. "ಜ್ವರ ಬಂದಾಗ ಗಂಜಿ ಕೊಟ್ಟಿದ್ದೆ. ಆ ಗಿಂಡೀನೂ ತೊಳೆದು ಬೋರಲು ಹಾಕಿದಾಳೆ."

"ನಿನಗೂ ವಾಸನೆ ಆಗ್ತಿರ್ಲಿಲ್ವಲ್ಲ ಅಂತ..."

"ಆಗ್ತಿರ್ಲಿಲ್ಲ. ಬೈತಿದ್ದೆ, ನಿಜ. ಬೈಯೋಳು ಓಡಿಸ್ತಾಳೆ ಅಂತೇನಾ? ನೀವೊಂದು ಸಲ, ಇರ್ಲಿ ಬುಡೇ ಅಂತೀರಿ ಅಂತ ಕಾಯ್ತಿದ್ದೆ. ನಿಮ್ ಹೆಸರು ಹೇಳಿ ಮಲ್ಲೀನ ಸುಮ್ಮನಾಗಿಸ್ತಿದ್ದೆ. ನೀವು ಎರಡೂ ಕಡೆ ನ್ಯಾಯ ಇದೆ ಅಂದ್ರಿ. ಹೆಂಡ್ತಿ ಯಾವ ಕಡೆ ಇದಾಳೆ ಅಂತಾದ್ರೂ ಕೇಳಿದ್ರಾ?"

ಅವನು ಕೇಳಿರಲಿಲ್ಲ. ಸ್ಕೂಟರಿನ ಬೀಗದ ಕೈಗಾಗಿ ತಡಕಿದ. ಎಡಜೇಬಿನಲ್ಲಿ ಸಿಕ್ಕಿದ್ದು ಮಹಡಿಯ ಕೋಣೆಯ ಬೀಗದ ಕೈ, ಬಲಜೇಬಿನಲ್ಲಿ ಸ್ಕೂಟರಿನದು. ಹೊರಟ.

ಬಟವಾಡಿಯ ಬಸ್‌ಸ್ಟಾಪಿನಲ್ಲಿ ಹೈವೇ ಲಾರಿಗಳ ಬಿಸಿ ಗಾಳಿಗೆ ಕಣ್ಣು ಕಿರಿದುಮಾಡಿ, ಬ್ಯಾಗನ್ನು ಮೊಣಕಾಲುಗಳ ನಡುವೆ ಹಿಡಿದು ಅಚೋಲ್ ಕೂತಿದ್ದಳು. ಕುಣಿಗಲ್ ರಸ್ತೆಯ ಹಾಸ್ಟೆಲಿನಲ್ಲಿದ್ದ ಗೆಳತಿ ಫೋನು ಎತ್ತಿರಲಿಲ್ಲ. ಪಕ್ಕದಲ್ಲಿ ಕೂತ ಹೆಂಗಸೊಬ್ಬಳು ಅವಳ ಜಡೆಗಳನ್ನೇ ನೋಡುತ್ತಿದ್ದಳು. ಸ್ಕೂಟರ್ ನಿಲ್ಲಿಸಿದ ಷಡಕ್ಷರಿ ಹೆಲ್ಮೆಟ್ಟನ್ನು ತೆಗೆಯಲೋ ಬೇಡವೋ ಎಂದು ಯೋಚಿಸಿ, ತೆಗೆದ.

"ಬಾಮ್ಮ, ಮನೆಗೆ ಹೋಗೋಣ."

"ಆಂಟಿ ಹೇಳಿ ಕಳಿಸಿದ್ರಾ?"

"ಹೂಂ. ಅಲ್ಲ... ನಾನೇ ಬಂದೆ."

"ಗುಬ್ಬಿ ಅಂಕಲ್ ಹೋದರಾ?"

"ಇಲ್ಲ, ಊಟಕ್ಕೆ ಕೂತಿದಾನೆ."

"ಸೋಮವಾರ ನಾನು ಎಲ್ಲಿರಬೇಕು?"

"ನೋ..." ಎನ್ನುತ್ತಿದ್ದ ನಾಲಿಗೆಯನ್ನು ಅವನು ಹಲ್ಲಿನಲ್ಲಿ ಕಚ್ಚಿ ಹಿಡಿದ. ನಿಜವಾಗಿಯೂ ಕಚ್ಚಿತು, ಕಣ್ಣಲ್ಲಿ ನೀರು ಬಂತು. ಹುಡುಗಿಗೆ ಅದು ಕಾಣದಿರಲಿ ಎಂದು ಲಾರಿಗಳ ಕಡೆ ನೋಡಿದ.

"ಅಂಕಲ್," ಎಂದಳು ಅವಳು, "ನನ್ನ ಮುಂದೆ ಹೇಳಿದರೆ ಏನು ಬಂತು? ನನಗೆ ಒಳ್ಳೆಯ ಮಾತು ಎಲ್ಲರೂ ಹೇಳಿದಾರೆ. ನೀವು ಮನೆಗೆ ಹೋಗಿ, ಅವರ ಮುಂದೆ ಹೇಳಿ ಬನ್ನಿ. ನಾನು ಇಲ್ಲೇ ಕೂತಿರ್ತೀನಿ. ಈಗ ಬರೋ ಬಸ್ಸನ್ನ ಬಿಡ್ತೀನಿ. ಅದರ ಹಿಂದೆ ಬರೋದನ್ನ ಬಿಡಲ್ಲ."

ಹೋದ ದಾರಿಯಲ್ಲೇ ಅವನು ಮರಳಿದ. ಸಂಧಾನಕ್ಕೆಂದು ವಿಮಾನದಲ್ಲಿ ಅತ್ತಿಂದಿತ್ತ ಹಾರಾಡುವ ದೊಡ್ಡ ಮನುಷ್ಯರನ್ನು ಅವನು ಅಲ್ಲಿ ಕಂಡಿದ್ದ. ಅವರಿಗೆ ಇಳಿಯಲು ಕೆಂಪು ಕಂಬಳಿ ಹಾಸುತ್ತಿದ್ದರು. ಅವನ ಸ್ಕೂಟರಿನ ಪೆಟ್ರೋಲ್ ಮುಳ್ಳು ಕೆಂಪಿನಲ್ಲಿತ್ತು, ಅಷ್ಟೇ. ಸಿಗ್ನಲ್ಲಿನಲ್ಲಿ ನಿಂತಾಗ ಹೇಳಬೇಕಾದ ಮಾತನ್ನು ಹೆಲ್ಮೆಟ್ಟಿನೊಳಗೆ ಗಟ್ಟಿಯಾಗಿ ಹೇಳಿ ನೋಡಿದ. ಚೆನ್ನಾಗಿಯೇ ಬಂತು. ಪಕ್ಕದ ಬೈಕಿನವನು, "ಯಾಕ್ ಯಜಮಾನ್ರೇ?" ಎಂದ.

ಮಲ್ಲಿಕಾರ್ಜುನ ಮಜ್ಜಿಗೆ ಅನ್ನಕ್ಕೆ ಬಂದಿದ್ದ. ಶಕುಂತಲಮ್ಮ ಉಪ್ಪಿನಕಾಯಿ ಬಡಿಸುತ್ತಿದ್ದಳು. ಷಡಕ್ಷರಿ ಈ ಸಲ ಕುರ್ಚಿ ಎಳೆದುಕೊಳ್ಳಲಿಲ್ಲ. ಕೂತರೆ ಮತ್ತೆ ನಡುವೆ ಕೂತುಬಿಡುತ್ತೇನೆಂಬ ಭಯ.

"ಆ ಹುಡುಗಿ ಮಹಡಿ ಮೇಲೇ ಇರ್ತಾಳೆ," ಎಂದ. ಕಚ್ಚಿದ ನಾಲಿಗೆಯಿಂದ ಮಾತು ತೊದಲಾಗಿ ಬಂತು. "ಸೋಮವಾರಾನೂ ಇರ್ತಾಳೆ. ಮೀನು ಬೇಯಿಸ್ಕೊ ಅಂದಿದ್ದು ನಾನೇ. ಅಂದರೆ, ಬೇಡ ಅನ್ನಲಿಲ್ಲ. ಅದೂ ಅಂದಹಾಗೇನೇ."

ಬಾಮೈದನ ಕೈಯಲ್ಲಿದ್ದ ತುತ್ತು ಬಾಯಿಗೂ ತಟ್ಟೆಗೂ ನಡುವೆ ನಿಂತಿತು. ಹೆಂಡತಿ ಮಾತ್ರ, "ಎಲ್ಲಿದಾಳೆ ಈಗ?" ಎಂದಳು.

"ಬಸ್‌ಸ್ಟಾಪಲ್ಲಿ."

"ಈ ಬಿಸ್ಲಲ್ಲಿ ಅಲ್ಲಿ ಕೂರ್ಸಿ, ಇಲ್ಲಿ ಭಾಷಣ ಮಾಡಕ್ಕೆ ಬಂದ್ರಾ? ನಿಮ್ ಬುದ್ಧಿಗಿಷ್ಟು!" ಅವಳು ಉಪ್ಪಿನಕಾಯಿ ಜಾಡಿಯನ್ನು ಅವನ ಕೈಗೆ ಕೊಟ್ಟು, ಸೆರಗಿಗೆ ಕೈಯೊರೆಸಿಕೊಂಡು, ಯಾರದೋ ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದಳು. "ಮೀನಿನ ವಿಷಯ ಬಂದು ಮಾತಾಡ್ತೀನಿ," ಎಂದದ್ದು ಗೇಟಿನಾಚೆಯಿಂದ ಕೇಳಿಸಿತು.

"ಭಾವ," ಎಂದ ಮಲ್ಲಿಕಾರ್ಜುನ ನಿಧಾನಕ್ಕೆ, "ಸ್ವಾಮಿಗಳನ್ನ ಒಪ್ಪಿಸ್ದೋನು ನಾನು. ಸಮಿತಿಯೋರ ಮುಂದೆ ನನ್ ತಲೆ ಏನಾಗ್ಬೇಕು?"

ಷಡಕ್ಷರಿಗೆ ಅವನ ಮೇಲೆ ಕನಿಕರ ಬಂತು. ಅವನ ಕಷ್ಟವೂ ಕಷ್ಟವೇ, ಅವನ ಕಡೆಯೂ... ಎಂದು ಹರಿಯತೊಡಗಿದ ಯೋಚನೆಯ ಕಿವಿ ಹಿಂಡಿ ನಿಲ್ಲಿಸಿದ. "ನಿನ್ ತಲೆ ಯಾಕೆ ಮಲ್ಲಿ, ನಾನೇ ಹೇಳ್ತೀನಿ. ಫೋನ್ ಹಚ್ಚು."

"ನೀವು? ಮಠಕ್ಕೆ?" ಬಾಮೈದ ಮೇಜಿನ ಮೇಲಿದ್ದ ಷಡಕ್ಷರಿಯ ಫೋನಿನಲ್ಲೇ ಎಡಗೈಯಿಂದ ನಂಬರು ಒತ್ತಿ, ಅವನ ಕಡೆಗೆ ತಳ್ಳಿದ. "ಹೇಳಿ ನೋಡಾಣ."

ಆ ಕಡೆ ಮಠದ ಕಾರ್ಯಕ್ರಮ ನೋಡಿಕೊಳ್ಳುವವರ ದನಿ ಬಂತು, ಹಿತವಾದ ದನಿ. ಒಂದು ಕೈಯಲ್ಲಿ ಉಪ್ಪಿನಕಾಯಿ ಜಾಡಿ, ಇನ್ನೊಂದರಲ್ಲಿ ಫೋನು ಹಿಡಿದು ಷಡಕ್ಷರಿ ಮಾತಾಡಿದ.

"ಸಾರ್, ನಾನು ಬಟವಾಡಿಯಿಂದ ಷಡಕ್ಷರಿ. ಸೋಮವಾರ ಪಾದಪೂಜೆ ನಮ್ಮನೇಲಿ. ನಮ್ ಮಹಡಿ ಮೇಲೆ ಒಂದು ಹುಡುಗಿ ಇದಾಳೆ ಸಾರ್, ಪರದೇಶದೋಳು, ಓದೋ ಹುಡುಗಿ. ಮೀನು ಬೇಯಿಸ್ತಾಳೆ. ಸೋಮವಾರಾನೂ ವಾಸನೆ ಇರಬಹುದು. ಬುದ್ಧಿಯೋರಿಗೆ ಮೊದಲೇ ಗೊತ್ತಿರ್ಲಿ ಅಂತ ಹೇಳ್ತಿದೀನಿ. ಅವರು ಬಂದ್ರೆ ನಮ್ ಭಾಗ್ಯ. ಬರದೇ ಇದ್ರೂ..." ಇಲ್ಲಿ ಅವನು ಉಸಿರೆಳೆದುಕೊಂಡ. "ಬರದೇ ಇದ್ರೂ ಅವಳು ಇರ್ತಾಳೆ."

ಆ ಕಡೆಯವರು, "ಇದಕ್ಕೆ ನಾನು ಉತ್ತರ ಕೊಡೋ ಹಾಗಿಲ್ಲ ಸ್ವಾಮಿ, ಬುದ್ಧಿಯೋರನ್ನೇ ಕೇಳ್ಬೇಕು. ಪ್ರಸಾದಕ್ಕೆ ಕೂತಿದಾರೆ. ಲೈನಲ್ಲೇ ಇರಿ," ಎಂದರು. ಷಡಕ್ಷರಿಗೆ ಆ ದನಿಯ ಮೇಲೆ ಅಣ್ಣತಮ್ಮಂದಿರ ಮೇಲಿನಂಥ ಪ್ರೀತಿ ಉಕ್ಕಿತು. ನೆಲದ ಮೇಲೆ ತಟ್ಟೆಗಳ ಸದ್ದು, ಯಾರೋ ಸಾರು ಸಾರು ಎಂದು ಕೂಗುವುದು ದೂರದಿಂದ ಕೇಳಿಸುತ್ತಿತ್ತು.

ಮಲ್ಲಿಕಾರ್ಜುನ ಅರ್ಧ ಅನ್ನ ಹಾಗೇ ಬಿಟ್ಟು ಕೈ ತೊಳೆದ. ಹೇಳದೆ ಹೋದರೆ ಚೆನ್ನಾಗಿರುವುದಿಲ್ಲವೆಂದು ಬಾಗಿಲಲ್ಲಿ ನಿಂತು, ತನ್ನ ಫೋನನ್ನು ಜೇಬಿಗೆ ಸೇರಿಸಿ, ಹೋದ. ಕಾರು ಹೊರಟ ಮೇಲೆ ಬೀದಿ ಖಾಲಿಯಾಯಿತು. ಸ್ವಲ್ಪ ಹೊತ್ತಿಗೆ ಆ ಖಾಲಿಯೊಳಗಿಂದ ಹೆಂಡತಿಯ ದನಿ ಬಂತು: "ಆಟೋದೋನು ಅಷ್ಟು ಕೇಳಿದ್ನಾ? ಕೊಟ್ಟುಬಿಟ್ಯಾ? ಎಲ್ಲಿಂದೆಲ್ಲಿಗೆ? ನಂಗ್ ಕೂಗೋದಲ್ವೇನೆ!" ಇಬ್ಬರೂ ಬ್ಯಾಗಿನ ಒಂದೊಂದು ಕಿವಿ ಹಿಡಿದು ಒಳಗೆ ಬಂದರು. ಒಬ್ಬಳು ಎತ್ತರ, ಒಬ್ಬಳು ಕುಳ್ಳು. ಬ್ಯಾಗು ಓರೆಯಾಗಿ, ಇಳಿಜಾರಾಗಿ ತೂಗುತ್ತಿತ್ತು. ಷಡಕ್ಷರಿ ಜಾಡಿ ಕೆಳಗಿಟ್ಟು ಕೈ ಚಾಚಿದ. ಅವರು ಅವನನ್ನು ಸುತ್ತಿಹಾಕಿಕೊಂಡು ಮೆಟ್ಟಿಲ ಕಡೆ ಹೋದರು. ಹೋಗುವಾಗ ಅಚೋಲ್ ಎಡಗೈ ಚಾಚಿ ನಿಂತಳು. ಅವನು ಜೇಬಿನಿಂದ ಬೀಗದ ಕೈ ತೆಗೆದು ಕೊಟ್ಟ. ಅವಳು ಥ್ಯಾಂಕ್ಸ್ ಎನ್ನಲಿಲ್ಲ.

ಫೋನು ಕಿವಿಗೆ ಬಿಸಿಯಾಗಿತ್ತು. ತಲೆಯ ಮೇಲೆ ಬಾಗಿಲು ತೆರೆದದ್ದು, ಮಂಚ ಸರಿದದ್ದು, ಹೆಂಡತಿ ಏನೋ ಗದರಿದ್ದು, ಒಂದರ ಹಿಂದೊಂದು ಕೇಳಿದವು.

"ಹಲೋ, ಷಡಕ್ಷರಿಯವರಾ? ಇದೀರಾ?"

"ಇದೀನಿ," ಎಂದ. ಆ ಕಡೆಯವರು ಬೇರೆಯೇನನ್ನೂ ಕೇಳದಿದ್ದರೂ, "ಇಲ್ಲೇ ಇದೀನಿ ಸಾರ್, ನಮ್ಮನೇಲಿ," ಎಂದ.